ಒಂದೇ ಉಸಿರಿನ ಮಾತು

“ನೀವು ಯಾರ ಮಗಳು?”

ಲೈಬ್ರರಿಯ ನೆಲಮಾಳಿಗೆಗೆ ಬಂದು, ಕುರ್ಚಿ ಎಳೆದುಕೊಂಡು ಕೂತ ಆ ಮನುಷ್ಯ ನನ್ನನ್ನು ಕೇಳಿದ ಮೊದಲ ಮಾತು ಇದು. ಹೆಸರು ಕೇಳಲಿಲ್ಲ, ಹಲೋ ಕೂಡ ಇಲ್ಲ. ಮೂಗಿಗೆ ಆಕ್ಸಿಜನ್ ನಳಿಗೆ, ಕಾಲ ಬಳಿ ಗಾಲಿಯ ಮೇಲೆ ಸಿಲಿಂಡರು, ಅಂಗಿಯೊಳಗೆ ಮೂಳೆ ಬಿಟ್ಟರೆ ಇನ್ನೇನೂ ಇದ್ದಂತಿರಲಿಲ್ಲ. ಕಣ್ಣು ಮಾತ್ರ ಪೋಲಿ ಹುಡುಗನದು.

“ನಮ್ಮಪ್ಪನ ಮಗಳು,” ಅಂದೆ.

“ಅಲ್ಲ ರೀ, ನಿಮ್ಮಪ್ಪ ಯಾರು? ನಿಮ್ಮಜ್ಜಿ ಯಾವ ಹಳ್ಳದ ಕಡೆಯವರು?”

“ಯಾಕೆ, ಹೆಣ್ಣು ನೋಡೋಕೆ ಬಂದಿದ್ದೀರಾ?”

ಎಲ್ಲರೂ ನಕ್ಕರು. ಅವನೂ ನಕ್ಕ, ನಗು ಕೆಮ್ಮಾಯಿತು, ಕೆಮ್ಮು ನಿಲ್ಲುವ ತನಕ ನಾವೆಲ್ಲ ನಮ್ಮ ನಮ್ಮ ಹಾಳೆ ನೋಡುತ್ತ ಕೂತೆವು. ಕೆಂಟಕಿಯ ಈ ಬೆಟ್ಟಗಳಲ್ಲಿ ಆ ಕೆಮ್ಮು ಯಾರಿಗೂ ಹೊಸದಲ್ಲ. ಕಲ್ಲಿದ್ದಲ ಗಣಿಯಲ್ಲಿ ದುಡಿದವರ ಎದೆಯಿಂದ ಬರುವ ಕೆಮ್ಮು ಅದು. ನಮ್ಮಪ್ಪನಿಗೆ ಅದು ಬರಲಿಲ್ಲ. ಅವನ ಮೇಲೆ ಮೊದಲೇ ಗಣಿಯ ಚಾವಣಿ ಬಿತ್ತು.

ಕೆಮ್ಮುತ್ತಿದ್ದವನ ಹೆಸರು ಆರ್ವಿಲ್ ಸ್ಲೋನ್. ಕೆಮ್ಮು ನಿಂತದ್ದೇ ತಡ, ಮತ್ತೆ ಶುರು ಮಾಡಿದ. ನನ್ನ ಪಕ್ಕದ ರೂಬಿಯನ್ನು ಕೇಳಿದ, ಅವಳ ಅಜ್ಜಿ ಸ್ಲೋನ್ ಮನೆತನದವಳು. “ಹಾಗಾದ್ರೆ ಬೇಡ,” ಅಂದ. ಅವಳ ಪಕ್ಕದವಳ ಸೋದರತ್ತೆ ಇವನ ದೊಡ್ಡಪ್ಪನ ಮಗಳು. “ನೀವೂ ಬೇಡ.” ರೂಬಿಯ ಮುಖ ಕೆಂಪಾಯಿತು. “ಇವನು ಬೇಡ ಅನ್ನೋಕೆ ನಾವೇನು ಬೇಕು ಅಂದ್ವಾ?” ಅಂತ ನನ್ನ ಕಿವಿಯಲ್ಲಿ ಸಿಡುಕಿದಳು.

ನಮ್ಮ ಗುಂಪು ಸೇರುತ್ತಿದ್ದದ್ದು ಮಂಗಳವಾರ ಸಂಜೆ. ನಡೆಸುತ್ತಿದ್ದವರು ಜೆನೀವಾ ಮಿಸ್, ಸ್ಕೂಲಿನಿಂದ ರಿಟೈರ್ ಆದವರು, ಈ ಊರಿನ ಅರ್ಧ ಜನಕ್ಕೆ ಓದು ಕಲಿಸಿದವರು. ಹಳೆಯ ಜನ ಸಾಯುತ್ತಿದ್ದಾರೆ, ಅವರ ಜೊತೆ ಬೆಟ್ಟದ ಕತೆಗಳೂ ಮಣ್ಣಿಗೆ ಹೋಗುತ್ತಿವೆ, ಎಲ್ಲ ಬರೆದಿಟ್ಟು ಒಂದು ಪುಸ್ತಕ ಮಾಡಬೇಕು ಅನ್ನುವುದು ಅವರ ಹಟ. ನಾನು ಸ್ಕೂಲ್ ಬಸ್ ಓಡಿಸುವವಳು, ಎಟ್ಟಾ ಬಾಲೋಗ್. ಹಂಗೇರಿಯಿಂದ ಗಣಿ ಕೆಲಸಕ್ಕೆ ಬಂದ ನಮ್ಮಜ್ಜನ ಬಗ್ಗೆ ಬರೆಯುತ್ತಿದ್ದೆ. ನಾನು ಓದಿದಾಗಲೆಲ್ಲ ಮಿಸ್ ಒಂದೇ ಮಾತು ಹೇಳುತ್ತಿದ್ದರು: “ಚೆನ್ನಾಗಿದೆ ಎಟ್ಟಾ. ಆದ್ರೆ ಇದು ನಮ್ಮ ಬೆಟ್ಟದ ಕತೆ ಅಲ್ವಲ್ಲಮ್ಮ.” ಹುಟ್ಟಿದ್ದು ಇಲ್ಲಿ, ಅಪ್ಪ ಅಜ್ಜ ಇಬ್ಬರನ್ನೂ ಹೂತದ್ದು ಇಲ್ಲಿ, ಗಂಡ ಬಿಟ್ಟುಹೋದದ್ದೂ ಇಲ್ಲೇ. ಇನ್ನೂ ಎಷ್ಟು ಇಲ್ಲಿಯವಳಾಗಬೇಕಿತ್ತೋ ನಾನು!

ಆರ್ವಿಲ್ ಕೊನೆಗೆ ಮತ್ತೆ ನನ್ನ ಕಡೆ ತಿರುಗಿದ. “ನಿಮ್ಮ ಹಾಳೆ ಮೇಲೆ ಬಾಲೋಗ್ ಅಂತಿದೆಯಲ್ಲ. ತಾಯಿ ಕಡೆ?”

“ಅವರೂ ಹಂಗೇರಿಯವರೇ. ಗಣಿ ಕಾಲೊನಿಯಲ್ಲೇ ಪರಿಚಯ, ಅಲ್ಲೇ ಮದುವೆ.”

“ಸ್ಲೋನ್ ರಕ್ತ ಒಂದು ಹನಿ ಇಲ್ವಾ?”

“ಒಂದು ಹನೀನೂ ಇಲ್ಲ.”

ಅವನ ಮುಖ ಅರಳಿದ್ದನ್ನು ನೋಡಬೇಕಿತ್ತು. ಜನ್ಮದಲ್ಲಿ ಮೊದಲ ಸಲ ಒಬ್ಬರು ನಾನು ಇಲ್ಲಿಯವಳಲ್ಲ ಅಂತ ಖುಷಿಪಟ್ಟರು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಕ್ಲಾಸು ಮುಗಿದ ಮೇಲೆ ನನ್ನ ಟ್ರಕ್ಕಿನ ಬಾಗಿಲಿಗೆ ಒರಗಿ ನಿಂತು ಎಲ್ಲ ಬಿಡಿಸಿ ಹೇಳಿದ. ನಾಲ್ಕು ಮಾತಿಗೊಮ್ಮೆ ನಿಲ್ಲಿಸುತ್ತಿದ್ದ. ಸುಟ್ಟ ಗಾಯದ ಉರಿ ಇಳಿಸುವ ಮಾತು ಅವನ ಹತ್ತಿರ ಇತ್ತು. ಪಕ್ಕದ ಮನೆಯ ಟಿಲ್ಡಿ ಅಜ್ಜಿ ಸಾಯುವ ಮೊದಲು ಕೊಟ್ಟದ್ದು. ಬೆಂಕಿ ತಗುಲಿದ ಜಾಗಕ್ಕೆ ಬಾಯಿ ಹತ್ತಿರ ತಂದು, ಒಂದೇ ಉಸಿರಿನಲ್ಲಿ ಹೇಳಿ ಊದಬೇಕು. ಗಂಡಸು ಹೆಂಗಸಿಗೆ ಕೊಡಬೇಕು, ಹೆಂಗಸು ಗಂಡಸಿಗೆ. ಕೊಡುವುದೂ ಒಂದೇ ಉಸಿರಿನಲ್ಲಿ. ರಕ್ತ ಸಂಬಂಧದವರಿಗೆ ಕೊಡುವ ಹಾಗಿಲ್ಲ. ಬರೆದಿಟ್ಟರೆ ಸತ್ತುಹೋಗುತ್ತದೆ. ಕೊಟ್ಟ ಮೇಲೆ ಕೊಟ್ಟವರ ಹತ್ತಿರ ಉಳಿಯುವುದಿಲ್ಲ. ವಾಸಿಯಾದವರು ಥ್ಯಾಂಕ್ಸ್ ಕೂಡ ಹೇಳಬಾರದು.

“ಮಂತ್ರಾನಾ?” ಅಂದೆ.

“ಮಂತ್ರ ಅನ್ಬೇಡಿ ರೀ. ನಾವು ಚರ್ಚಿಗೆ ಹೋಗೋ ಬ್ಯಾಪ್ಟಿಸ್ಟ್ ಜನ.” ನಿಜವಾಗಿಯೂ ನೊಂದುಕೊಂಡ.

“ಇಷ್ಟು ಆತುರ ಯಾಕೆ?”

ಅವನು ಸಿಲಿಂಡರಿನ ತಲೆ ತಟ್ಟಿದ. “ಇದರ ಜೊತೆ ಬಹಳ ದಿನ ಸಂಸಾರ ನಡೆಯಲ್ಲ ಅಂದಿದ್ದಾರೆ ಡಾಕ್ಟ್ರು. ಎದೆಯೊಳಗೆ ಕಲ್ಲಾಗಿದೆಯಂತೆ.” ಅವನಿಗೆ ಆಗ ಐವತ್ತೂ ತುಂಬಿರಲಿಲ್ಲ.

*

ಜೆನೀವಾ ಮಿಸ್ ನನಗೆ ಇನ್ನೊಂದು ಕೆಲಸ ಹಚ್ಚಿದರು: ಆರ್ವಿಲ್ ಹೇಳುವ ಕತೆಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ತರುವುದು. ಭಾನುವಾರ ಮಧ್ಯಾಹ್ನ ಹಳ್ಳದ ದಾರಿ ಹಿಡಿದು ಅವನ ಮನೆಗೆ ಹೋಗುತ್ತಿದ್ದೆ. ಅವನನ್ನು ನೋಡಿಕೊಳ್ಳುತ್ತಿದ್ದವಳು ಅಕ್ಕ ಲುರೀನಾ. ಬೀನ್ಸಿನ ಸಾರು, ಮೆಕ್ಕೆಜೋಳದ ಬ್ರೆಡ್ಡು ನನ್ನ ಮುಂದೆ ಕುಕ್ಕಿ ಒಳಗೆ ಹೋಗುತ್ತಿದ್ದಳು. ಚಿಕ್ಕವಳಿದ್ದಾಗಿನಿಂದ ಆ ಮಾತಿಗೆ ಆಸೆಪಟ್ಟವಳು ಅವಳು. ಟಿಲ್ಡಿ ಅಜ್ಜಿ ಹೆಂಗಸಾದ್ದರಿಂದ ಅವಳಿಗೆ ಕೊಡಲಿಲ್ಲ, ಆರ್ವಿಲ್ ತಮ್ಮನಾದ್ದರಿಂದ ಕೊಡುವ ಹಾಗಿಲ್ಲ.

“ಎಲ್ಲಿಂದಲೋ ಬಂದವಳಿಗೆ ಕೊಡ್ತಾನಂತೆ,” ಅಂತ ಒಲೆಗೆ ಹೇಳುತ್ತಿದ್ದಳು, ನನಗೆ ಕೇಳುವಷ್ಟು ಜೋರಾಗಿ.

ಕೊಡಲಿಲ್ಲವಲ್ಲ ಅವನು! ಮೊದಲ ಭಾನುವಾರ ಚಂದ್ರ ಬೆಳೆಯುತ್ತಿದ್ದಾನೆ, ಬೇಡ ಅಂದ. ಆಮೇಲೆ ಚಂದ್ರ ಇಳಿಯುತ್ತಿದ್ದಾನೆ ಅಂದ. ಒಂದು ವಾರ ಗಾಳಿ ಸರಿಯಿಲ್ಲ, ಒಂದು ವಾರ ಲುರೀನಾ ಮನೆಯಲ್ಲಿದ್ದಾಳೆ. ನಾನೂ ತಲೆಯಾಡಿಸಿ, ವರಾಂಡದಲ್ಲಿ ಅವನ ಎದುರು ಕೂತು ಫೋನು ಹಿಡಿಯುತ್ತಿದ್ದೆ. ಅವನು ಕತೆ ಹೇಳುತ್ತ ನನ್ನ ಕೈ ನೋಡುವನು, ನಾನು ನೋಡಿದರೆ ಬೆಟ್ಟದ ಕಡೆ ತಿರುಗುವನು. ನಲವತ್ತು ದಾಟಿದ ಹೆಂಗಸು ನಾನು, ಭಾನುವಾರ ಬೆಳಿಗ್ಗೆ ಕನ್ನಡಿ ಮುಂದೆ ಮೂರು ಅಂಗಿ ಬದಲಾಯಿಸುತ್ತಿದ್ದೆ.

“ಅಲ್ಲ ಆರ್ವಿಲ್, ನಿನ್ನ ಚಂದ್ರ ಸರಿಹೋಗೋದು ಯಾವತ್ತು?” ಅಂತ ಒಂದು ದಿನ ಕೇಳಿಯೇಬಿಟ್ಟೆ.

ಅವನು ನಳಿಗೆ ಸರಿಮಾಡಿಕೊಂಡ. ಕಿವಿಯ ತುದಿ ಕೆಂಪಾಗಿತ್ತು. “ಕೊಟ್ಟುಬಿಟ್ರೆ ನೀನು ಬರೋದು ನಿಲ್ಲಿಸ್ತೀಯ.”

“ಹುಚ್ಚಪ್ಪ.”

“ನಿಲ್ಲಿಸಲ್ವಾ?”

“ನಿನ್ನ ಮಾತಿಗೋಸ್ಕರ ಈ ಹಾಳು ರಸ್ತೇಲಿ ಬರ್ತೀನಾ ನಾನು? ನಿನಗೋಸ್ಕರ ಬರ್ತೀನಿ ಕಣೋ.”

ಬಾಯಿಂದ ಬಂದುಹೋಯಿತು. ಅವನು ಕೈ ಚಾಚಿದ. ಗಣಿಯ ಮಸಿ ಒಳಗೇ ಉಳಿದು ನೀಲಿ ಗೆರೆಗಳಾದ ಕೈ. ಹಿಡಿದುಕೊಂಡು ಕೂತೆ. ಒಳಗೆ ಲುರೀನಾ ಪಾತ್ರೆ ಬಡಿಯುತ್ತಿದ್ದಳು, ಬಡಿಯಲಿ ಅಂದುಕೊಂಡೆ. ನಾನೂ ಮಾತು ಕೊಡು ಅಂತ ಬಲವಂತ ಮಾಡಲಿಲ್ಲ. ತೆಗೆದುಕೊಂಡರೆ ಅವನು ಹೋಗುವುದಕ್ಕೆ ನಾನು ಒಪ್ಪಿದ ಹಾಗೆ. ಒಪ್ಪಿಗೆ ಇರಲಿಲ್ಲ ನನಗೆ.

ಆದರೆ ಕತೆಗಳು ಸುಳ್ಳು ಹೇಳಲಿಲ್ಲ. ಹಿಮದಲ್ಲಿ ಸಿಕ್ಕಿಕೊಂಡ ಮದುವೆ ದಿಬ್ಬಣದ ಕತೆ ಒಂದಿತ್ತು, ಅವರ ವಂಶದಲ್ಲಿ ಬಾಯಿಂದ ಬಾಯಿಗೆ ಬಂದದ್ದು. ಬೇಸಿಗೆಯಲ್ಲಿ ಮೊದಲ ಸಲ ಹೇಳಿದಾಗ ಫೋನಿನ ಬ್ಯಾಟರಿ ಮುಗಿದರೂ ಕತೆ ಮುಗಿದಿರಲಿಲ್ಲ. ಹಟಮಾರಿ ಹೇಸರಗತ್ತೆ ಇತ್ತು, ಕುಡುಕ ಪಿಟೀಲಿನವನಿದ್ದ, ಹೊಳೆಯಲ್ಲಿ ಒಂದು ಕಾಲಿನ ಶೂ ಕಳೆದುಕೊಂಡ ಮದುಮಗಳ ತಂಗಿ ಇದ್ದಳು. ಎಲೆ ಹಣ್ಣಾಗುವ ಹೊತ್ತಿಗೆ ಮತ್ತೆ ಹೇಳಿಸಿದೆ. ಹೇಸರಗತ್ತೆ ಇರಲಿಲ್ಲ. ಶೂ ಇರಲಿಲ್ಲ.

“ದಿಬ್ಬಣ ಹೊರಡ್ತು. ಹಿಮ ಬಿತ್ತು. ಯಾರೂ ಮನೆ ಸೇರಲಿಲ್ಲ. ಅಷ್ಟೇ.”

“ಪಿಟೀಲಿನವನು ಎಲ್ಲಿ ಹೋದ?”

“ಅವನನ್ನ ಹೊತ್ತು ತರೋ ಅಷ್ಟು ಉಸಿರಿಲ್ಲ ಎಟ್ಟಾ.”

ಆ ದಿನ ನಾನೇ ಕೇಳಿದೆ, ಮದುವೆ ಆಗೋಣವಾ ಅಂತ. ಅವನು ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡ.

“ಆಗೋಣ. ಆದ್ರೆ ಮೊದ್ಲು ಮಾತು, ಆಮೇಲೆ ಮದುವೆ. ಮದುವೆ ಆದ್ರೆ ಇಬ್ಬರೂ ಒಂದೇ ದೇಹ ಅಂತ ಬೈಬಲ್ಲೇ ಹೇಳುತ್ತಲ್ಲ. ಹೆಂಡತಿಗೆ ಕೊಡೋಕಾಗಲ್ಲ.”

“ಹಾಗಾದ್ರೆ ಈಗಲೇ ಕೊಡು.”

“ಮುಂದಿನ ವಾರ ಸೇಬಿನ ಪಾಕ ಇದೆಯಲ್ಲ, ಅದೊಂದು ಮುಗೀಲಿ.” ಮತ್ತೆ ಮುಂದೂಡಿದ. ನಾನೂ ಹೂಂ ಅಂದೆ.

*

ಪುಸ್ತಕದ ಖರ್ಚಿಗೆ ಗುಂಪಿನವರೆಲ್ಲ ಸೇರಿ ಸೇಬಿನ ಪಾಕ ಕಾಯಿಸಿ ಮಾರುವುದು ಅಂತ ಆಗಿತ್ತು. ಜೆನೀವಾ ಮಿಸ್ ಅಂಗಳದಲ್ಲಿ ದೊಡ್ಡ ತಾಮ್ರದ ಹಂಡೆ, ಕೆಳಗೆ ಸೌದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಉದ್ದ ಹಿಡಿಯ ಮರದ ಹುಟ್ಟಿನಿಂದ ಕಲಕುತ್ತಲೇ ಇರಬೇಕು, ಕೈ ಬಿಟ್ಟರೆ ತಳ ಹಿಡಿಯುತ್ತದೆ. ಹಳೆಯ ಕಾಲದಿಂದ ಒಂದು ಪದ್ಧತಿ: ಹುಡುಗ ಹುಡುಗಿ ಜೊತೆಯಾಗಿ ಹುಟ್ಟು ಹಿಡಿಯುತ್ತಾರೆ. ಹುಟ್ಟು ಹಂಡೆಯ ಅಂಚಿಗೆ ತಗುಲಿದರೆ ಮುತ್ತು ಕೊಡಬೇಕು.

“ಆರ್ವಿಲ್, ಎಟ್ಟಾ, ನೀವು ಬನ್ನಿ!” ಅಂತ ರೂಬಿ ಕೂಗಿದಳು. ಎಲ್ಲರಿಗೂ ಗೊತ್ತಾಗಿತ್ತು ಅನ್ನಿ.

ಬೆಂಕಿಯ ಹತ್ತಿರ ಆಕ್ಸಿಜನ್ ತರುವ ಹಾಗಿಲ್ಲ. ನಳಿಗೆ ತೆಗೆದು, ಸಿಲಿಂಡರನ್ನು ವರಾಂಡದಲ್ಲೇ ಬಿಟ್ಟು ಬಂದ. ಬೇಡ ಅಂದೆ. “ಸ್ವಲ್ಪ ಹೊತ್ತು ಕಣೇ, ಗಂಡಸಿನ ಹಾಗೆ ನಿಲ್ತೀನಿ,” ಅಂದ. ನನ್ನ ಹಿಂದೆ ನಿಂತು, ನನ್ನ ಕೈಗಳ ಪಕ್ಕ ಕೈಯಿಟ್ಟು ಹಿಡಿ ಹಿಡಿದ. ಅವನ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು, ಸಣ್ಣ ಸಣ್ಣದಾಗಿ, ಅವಸರ ಅವಸರವಾಗಿ. ಎರಡು ಸುತ್ತು ನೆಟ್ಟಗೆ ಕಲಕಿದ. ಮೂರನೆಯದರಲ್ಲಿ ಠಣ್ ಅಂತ ಅಂಚಿಗೆ ಬಡಿದ.

“ಬೇಕಂತಲೇ ಮಾಡಿದ!” ಅಂತ ಹೆಂಗಸರೆಲ್ಲ ಕೂಗಿದರು.

“ಕೈ ನಡುಗ್ತು,” ಅಂದ, ಆ ಪೋಲಿ ಕಣ್ಣಿನಲ್ಲಿ.

ತಿರುಗಿ ಮುತ್ತು ಕೊಟ್ಟೆ. ದಾಲ್ಚಿನ್ನಿ, ಹೊಗೆ, ಅವನ ಒಣಗಿದ ತುಟಿ. ಜನ ಇದ್ದಾರೆ ಅನ್ನುವುದೂ ಮರೆತುಹೋಯಿತು, ಕಲಕುವುದೂ ಮರೆತುಹೋಯಿತು.

“ಅಯ್ಯೋ, ತಳ ಹಿಡೀತದೆ! ಮುತ್ತು ಆಮೇಲೆ ಕೊಡ್ರಪ್ಪಾ!” ಅಂತ ಜೆನೀವಾ ಮಿಸ್ ನಗುತ್ತಲೇ ಬಂದು ಹುಟ್ಟಿಗೆ ಕೈ ಹಾಕಿದರು. ಕಲಕದೆ ಬಿಟ್ಟ ಪಾಕ ತಳದಿಂದ ಉಬ್ಬಿ ಬಂದು ಸಿಡಿಯಿತು. ಮಿಸ್ ತೋಳಿನ ಮೇಲೆ ಮೊಣಕೈಯಿಂದ ಮಣಿಕಟ್ಟಿನವರೆಗೂ ಬಿತ್ತು. ಸೇಬಿನ ಪಾಕ ನೀರಿನ ಹಾಗೆ ಜಾರಿಹೋಗುವುದಿಲ್ಲ, ಹಿಡಿದುಕೊಂಡು ಸುಡುತ್ತದೆ. ಅವರು ಕಿರುಚಿದ್ದು ನನಗೆ ಇನ್ನೂ ಕೇಳುತ್ತದೆ.

ರೂಬಿ ನೀರು ಸುರಿದಳು. ಆರ್ವಿಲ್ ಮೊಣಕಾಲೂರಿ ಆ ತೋಳನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿ ಹತ್ತಿರ ತಂದ. ತುಟಿ ಆಡಿತು. ಅರ್ಧಕ್ಕೆ ಉಸಿರು ಮುರಿಯಿತು. ಕೆಮ್ಮಿ, ಹುಲ್ಲಿಗೆ ಕರಿ ಕಫ ಉಗಿದು, ಮತ್ತೆ ಶುರು ಮಾಡಿದ. ಮತ್ತೆ ಮುರಿಯಿತು. ನಾನು ಸಿಲಿಂಡರ್ ತರಲು ಓಡಿದೆ. ತರುವಷ್ಟರಲ್ಲಿ ಮಿಸ್ ಅವನ ತಲೆ ಸವರುತ್ತಿದ್ದರು, ಹಲ್ಲು ಕಚ್ಚಿಕೊಂಡು. “ಬಿಡಪ್ಪಾ, ಸಾಕು. ಬಿಡು.”

ಅವರನ್ನು ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಆರ್ವಿಲ್ ಹುಲ್ಲಿನ ಮೇಲೇ ಕೂತಿದ್ದ. ಯಾರೂ ಹುಟ್ಟು ಹಿಡಿಯಲಿಲ್ಲ, ಹಂಡೆಯಷ್ಟೂ ಪಾಕ ಸೀದುಹೋಯಿತು.

“ಮಾತು ಇದೆ ಎಟ್ಟಾ,” ಅಂದ. “ಹೇಳೋಕೆ ಆಗಲಿಲ್ಲ.” ಮಗುವಿನ ಹಾಗೆ ಅತ್ತ.

*

ಆ ವಾರದಲ್ಲೇ ಅವನನ್ನೂ ಆಸ್ಪತ್ರೆಗೆ ಸೇರಿಸಿದರು. ಮುಖದ ತುಂಬ ಮಾಸ್ಕ್. ಲುರೀನಾ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದಳು, ನನಗೆ ಒಳಗೆ ಹೋಗಲು ಕಣ್ಣಲ್ಲೇ ದಾರಿ ಬಿಟ್ಟಳು. ಮಾತು ಕೊಡುವಾಗ ಮೂರನೆಯವರು ಇರಬಾರದು ಅನ್ನುವುದು ಅವಳಿಗೆ ಗೊತ್ತಿತ್ತು.

“ಕೊಡು,” ಅಂದೆ. “ಈಗ ಚಂದ್ರ ಗಿಂದ್ರ ಅಂದ್ರೆ ಒದೀತೀನಿ.”

ಮಾಸ್ಕ್ ಸರಿಸಿ ಶುರು ಮಾಡಿದ. ಎರಡು ಪದಕ್ಕೇ ಉಸಿರು ಹೋಯಿತು. ಮತ್ತೆ ಮಾಸ್ಕ್, ಮತ್ತೆ ಪ್ರಯತ್ನ. ಯಂತ್ರ ಕೂಗಿಕೊಂಡಿತು, ನರ್ಸ್ ಬಂದು ನಮ್ಮಿಬ್ಬರಿಗೂ ಬೈದು ಹೋದಳು. ಅವನು ನನ್ನ ಕಡೆ ನೋಡಿದ ನೋಟ ಇದೆಯಲ್ಲ, ಯಾವ ಹೆಂಗಸಿಗೂ ಅಂಥದ್ದು ಬೇಡ. ನನ್ನನ್ನು ಕಳೆದುಕೊಳ್ಳುವ ದುಃಖ ಒಂದು ಕಡೆ, ಆ ಮಾತು ಕೊಡಲಾಗದೆ ಹೋಗುವ ದುಃಖ ಇನ್ನೊಂದು ಕಡೆ. ಎರಡಕ್ಕೂ ಆಗುವಷ್ಟು ಜೀವ ಅವನಲ್ಲಿ ಇರಲಿಲ್ಲ.

ನಾನು ಯೋಚಿಸಿದೆ. ಬಸ್ ಓಡಿಸುವವಳು ನಾನು, ರಸ್ತೆ ಕುಸಿದರೆ ಹಳ್ಳದ ಮೇಲಿಂದ ತಿರುಗಿಸಿ ಗೊತ್ತು.

“ಒಂದೇ ಉಸಿರಲ್ಲಿ ಹೇಳಬೇಕು ಅಂದ್ಲಲ್ಲ ಟಿಲ್ಡಿ ಅಜ್ಜಿ. ಯಾರ ಉಸಿರು ಅಂತ ಹೇಳಿದ್ಲಾ?”

ಅವನು ನನ್ನನ್ನೇ ದಿಟ್ಟಿಸಿದ. ಆಮೇಲೆ ಸದ್ದಿಲ್ಲದೆ ನಕ್ಕ, ಹೆಗಲು ಮಾತ್ರ ಕುಲುಕಿತು. ಇಲ್ಲ ಅಂತ ತಲೆಯಾಡಿಸಿದ.

ಮಾಸ್ಕ್ ಸರಿಸಿ ಬಗ್ಗಿದೆ. ಮೂಗಿಗೆ ಮೂಗು ತಾಗುವಷ್ಟು ಹತ್ತಿರ. ಅವನು ದನಿಯಿಲ್ಲದೆ ಬರೀ ತುಟಿಯಲ್ಲಿ ಹೇಳಿಕೊಟ್ಟ, ಒಂದೊಂದೇ ಪದ. ಸುಸ್ತಾದಾಗ ಮಾಸ್ಕ್ ಹಾಕುವೆ, ಚೇತರಿಸಿಕೊಂಡಾಗ ತೆಗೆಯುವೆ. ನಾನೂ ದನಿ ಹೊರಡಿಸಲಿಲ್ಲ, ತುಟಿಯಿಂದ ತುಟಿಗೆ ಕಲಿತೆ. ಪೂರ್ತಿ ಬಂದ ಮೇಲೆ ಎದೆ ತುಂಬ ಗಾಳಿ ಎಳೆದುಕೊಂಡು, ಅವನ ಕಣ್ಣಲ್ಲಿ ಕಣ್ಣಿಟ್ಟು, ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿನಲ್ಲಿ ಹೇಳಿದೆ. ಅವನ ತುಟಿ ಜೊತೆಗೇ ಆಡುತ್ತಿತ್ತು. ಮಾತು ನನ್ನದಾಗಿತ್ತು. ಅವನು ಕಣ್ಣು ಮುಚ್ಚಿದ, ಹಣೆಯ ಗಂಟು ಸಡಿಲವಾಯಿತು.

“ಈಗ ಪಾಸ್ಟರನ್ನ ಕರಿ,” ಅಂದ. ಅಷ್ಟನ್ನು ದನಿ ಮಾಡಿ ಹೇಳಿದ.

ಫೋನ್ ಮಾಡಿದೆ. ಪಾಸ್ಟರ್ ಬೆಟ್ಟದಾಚೆ ಇದ್ದರು, ಮಧ್ಯಾಹ್ನದ ಹೊತ್ತಿಗೆ ಬರುತ್ತೇನೆ ಅಂದರು. ಅಲ್ಲಿಯವರೆಗೆ ಏನು ಮಾಡೋಣ ಅಂತ ಕೇಳಿದೆ. ಆರ್ವಿಲ್ ಬೆರಳಿನಲ್ಲಿ ಗಾಳಿಗೆ ಪಿಟೀಲು ಬಾರಿಸಿ ತೋರಿಸಿದ.

ದಿಬ್ಬಣದ ಕತೆ ಹೇಳಿದೆ. ಅವನು ಬೇಸಿಗೆಯಲ್ಲಿ ಹೇಳಿದ್ದ ಹಾಗೇ, ಒಂದನ್ನೂ ಬಿಡದೆ. ಹೇಸರಗತ್ತೆಯನ್ನು ತಂದೆ, ಕುಡುಕ ಪಿಟೀಲಿನವನನ್ನು ತಂದೆ. ಮದುಮಗಳು ಸಿಡುಕಿದಾಗ ಆರ್ವಿಲ್ ತುಟಿ ನಗುವಿಗೆ ಎಳೆದುಕೊಂಡಿತು. ದಿಬ್ಬಣ ಹೊಳೆಗೆ ಇಳಿಯಿತು, ತಂಗಿಯ ಶೂ ತೇಲಿಹೋಯಿತು. ಆಚೆ ದಡ ಹತ್ತುವ ಹೊತ್ತಿಗೆ ನನ್ನ ಕೈಯೊಳಗೆ ಅವನ ಕೈ ಸಡಿಲವಾಯಿತು. ಗೊತ್ತಾಯಿತು ನನಗೆ. ನಿಲ್ಲಿಸಲಿಲ್ಲ, ಹಿಮ ಬೀಳುವ ತನಕ, ಪಿಟೀಲು ನಿಲ್ಲುವ ತನಕ ಹೇಳಿ ಮುಗಿಸಿದೆ.

ನರ್ಸ್ ಬಂದು ಯಂತ್ರ ಆರಿಸಿ ಕಾಗದ ತೆಗೆದಳು. “ನೀವು ಇವರಿಗೆ ಏನಾಗಬೇಕು?”

“ಏನೂ ಆಗಬೇಕಿಲ್ಲ,” ಅಂದೆ. ನಿಜವೇ ಅದು. ಏನಾದರೂ ಆಗಿದ್ದಿದ್ದರೆ ಅವನು ನನಗೆ ಕೊಡುವ ಹಾಗಿರಲಿಲ್ಲ. ಬಾಗಿಲಲ್ಲಿ ಲುರೀನಾ ನಿಂತಿದ್ದಳು, ಕೇಳಿಸಿಕೊಂಡಳು. ಸ್ವಲ್ಪ ಹೊತ್ತಿಗೆ ಪಾಸ್ಟರ್ ಬಂದರು, ಮದುವೆಗೆ ಅಂತ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು.

*

ಮಣ್ಣಿನ ದಿನ ಚರ್ಚಿನ ಹಿಂದಿನ ಸಾಲಿನಲ್ಲಿ ಕೂತೆ. ಪೇಪರಿನ ಸಾವಿನ ಸುದ್ದಿಯಲ್ಲಿ ಅವನ ಅಕ್ಕನ ಹೆಸರಿತ್ತು, ಸೋದರಳಿಯರ ಹೆಸರಿತ್ತು, ನನ್ನದು ಇರಲಿಲ್ಲ. ಮಂಗಳವಾರ ಬಂದಾಗ ಜೆನೀವಾ ಮಿಸ್ ಬ್ಯಾಂಡೇಜಿನ ತೋಳು ಮೇಜಿನ ಮೇಲಿಟ್ಟುಕೊಂಡು, ಆ ಮಾತು ಪುಸ್ತಕದಲ್ಲಿ ಇರಬೇಕಿತ್ತು ಅಂದರು. “ಬರೆದ್ರೆ ಸಾಯುತ್ತೆ ಮಿಸ್,” ಅಂದೆ. ಅವರು ಮತ್ತೆ ಕೇಳಲಿಲ್ಲ. ದಿಬ್ಬಣದ ಕತೆ ಅವನ ಹೆಸರಲ್ಲಿ ಬರೆದುಕೊಟ್ಟೆ. ನಮ್ಮಜ್ಜನ ಕತೆಯನ್ನು ಅವರು ಕೇಳಲಿಲ್ಲ, ನಾನು ಕೊಡಲೂ ಇಲ್ಲ.

ಚಳಿಗಾಲ ಜೋರಾಗಿದ್ದಾಗ ಒಂದು ಬೆಳಿಗ್ಗೆ ಲುರೀನಾ ನಮ್ಮ ಬಾಗಿಲಿಗೆ ಬಂದಳು. ಬಲಗೈಯನ್ನು ಒದ್ದೆ ಟವೆಲಿನಲ್ಲಿ ಸುತ್ತಿಕೊಂಡಿದ್ದಳು. ಬಾಣಲೆಯ ಕುದಿಯುವ ಕೊಬ್ಬು ಚೆಲ್ಲಿತ್ತು. ಹೊಸ್ತಿಲಾಚೆಯೇ ನಿಂತು, ನನ್ನ ಮುಖ ನೋಡದೆ ಕೈ ಚಾಚಿದಳು.

“ಒಳಗೆ ಬಾ,” ಅಂದೆ.

ಅಡುಗೆಮನೆಯಲ್ಲಿ ಕೂರಿಸಿ ಟವೆಲು ಬಿಚ್ಚಿದೆ. ಆರ್ವಿಲ್‌ನದೇ ಬೆರಳುಗಳು, ಅದೇ ಅಗಲ ಉಗುರು. ಬಾಯಿ ಹತ್ತಿರ ತಂದೆ, ಗಾಳಿ ಎಳೆದುಕೊಂಡೆ, ಹೇಳಿದೆ. ಕೊನೆಯ ಪದಕ್ಕೆ ಊದಿದೆ. ಎಲ್ಲೂ ಮುರಿಯಲಿಲ್ಲ.

ಲುರೀನಾ ಬೆರಳು ಮಡಚಿದಳು, ಬಿಡಿಸಿದಳು. ಉರಿ ಇಳಿಯಿತೋ ಇಲ್ಲವೋ ನಾನು ಕೇಳಲಿಲ್ಲ. ಥ್ಯಾಂಕ್ಸ್ ಹೇಳಲು ಬಾಯಿ ತೆರೆದವಳು ನೆನಪಾಗಿ ಮುಚ್ಚಿಕೊಂಡಳು. ಆಮೇಲೆ ನನ್ನ ಮುಖ ನೋಡಿ ಗಾಬರಿಯಾದಳು.

“ಯಾಕೆ? ಏನಾಯ್ತೇ? ತಪ್ಪಿಹೋಯ್ತಾ?”

“ಇಲ್ಲ, ಸರಿಯಾಗಿ ಬಂತು,” ಅಂದೆ. “ಪೂರ್ತಿ ಹೇಳಿದ ಮೇಲೂ ನನ್ನಲ್ಲಿ ಇನ್ನೂ ಉಸಿರು ಮಿಕ್ಕಿದೆ ಅಕ್ಕಾ. ಎಷ್ಟೊಂದು ಮಿಕ್ಕಿದೆ ನೋಡು.”

ಅಷ್ಟು ಹೇಳಿ ಅತ್ತುಬಿಟ್ಟೆ. ಲುರೀನಾ ಎದ್ದು ಹೋಗಲಿಲ್ಲ. ಸುಟ್ಟ ಕೈಯನ್ನು ನನ್ನ ಮಡಿಲಲ್ಲೇ ಬಿಟ್ಟು, ನಾನು ಅತ್ತು ಮುಗಿಸುವವರೆಗೂ ಪಕ್ಕದಲ್ಲಿ ಕೂತಿದ್ದಳು.